ನಂಬಿಕಿ ಇಲ್ಲೇನು ಅಂತ ಕೇಳಬ್ಯಾಡ್ರಿ

ನಮ್ಮ ಮಮದಾಪುರದ ಕಡೆ ಬಹಳ ತುಟ್ಟಿ ಬೀಳೋ ಮಾತು ಒಂದಿದೆ: "ಯಾಕೋ ತಮ್ಮಾ, ನಂಬಿಕಿ ಇಲ್ಲೇನು?" ಈ ಮಾತು ಕಿವಿಗೆ ಬಿದ್ದರೆ ಎಂಥ ಶಾಣ್ಯಾ ಮನುಷ್ಯನೂ ಮೆತ್ತಗಾಗ್ತಾನೆ. ಒಂದು ಎಕರೆ ಹೊಲ ಕೊಳ್ಳುವಾಗ ಮೂರು ತಲೆಮಾರಿನ ಉತಾರ ತೆಗೆಸಿ, ವಕೀಲರಿಗೆ ತೋರಿಸಿ, ಹದ್ದಿನ ಕಲ್ಲು ಮುಟ್ಟಿ ನೋಡಿ ಬರುವವನು, ಅದೇ ವಾರ ನಾಲ್ಕು ಲಕ್ಷದ ಟ್ರ್ಯಾಕ್ಟರ್ ಮಾರುವಾಗ ಖಾಲಿ ಫಾರ್ಮಿನ ಮೇಲೆ ಕಣ್ಣುಮುಚ್ಚಿ ಸಹಿ ಹಾಕ್ತಾನೆ. ಕಾರಣ ಕೇಳಿದರೆ, ಎದುರಿಗಿದ್ದವನು ನಂಬಿಕೆಯ ಮಾತು ಎತ್ತಿದನಂತೆ.

ವ್ಯವಹಾರ ಹೇಗೆ ನಡೆಯುತ್ತದೆ ಅಂತ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯವರಿಗೆ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗೆ ಹೇಳ್ತೀನಿ. ಕಬ್ಬಿನ ಹಂಗಾಮು ಮುಗಿದ ಮೇಲೆ, ಅಥವಾ ಶುರುವಾಗುವ ಮುಂಚೆ, ಹಳೇ ಟ್ರ್ಯಾಕ್ಟರುಗಳು ಕೈ ಬದಲಾಗ್ತವೆ. ನಡುವೆ ಒಬ್ಬ ದಲಾಲಿ ಇರ್ತಾನೆ. ಅವನಿಗೆ ಅಂಗಡಿ ಇಲ್ಲ, ಬೋರ್ಡು ಇಲ್ಲ. ಒಂದು ಮೊಬೈಲು, ಒಂದು ಬೈಕು, ಅದರ ಡಿಕ್ಕಿಯಲ್ಲಿ ಒಂದು ಕಟ್ಟು ಫಾರ್ಮು. ಚಹಾದ ಅಂಗಡಿಯ ಮುಂದೆ ಮಾತಾಗ್ತದೆ. ಹತ್ತು ಸಾವಿರವೋ ಇಪ್ಪತ್ತು ಸಾವಿರವೋ ಸಂಚಕಾರ ಕೊಡ್ತಾರೆ. ಎರಡು ದಿನ ಬಿಟ್ಟು ಉಳಿದ ದುಡ್ಡು ಬರ್ತದೆ, ಪೂರ್ತಿ ಅಲ್ಲ, ಒಂದಿಷ್ಟು ಹಿಡಿದುಕೊಂಡು. ಆಮೇಲೆ ಮಾರುವವನು ಫಾರ್ಮ್ 29, ಫಾರ್ಮ್ 30 ಇವುಗಳ ಮೇಲೆ ಎಲ್ಲೆಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದೆಯೋ ಅಲ್ಲೆಲ್ಲ ಸಹಿ ಮಾಡ್ತಾನೆ. ಕೊಳ್ಳುವವನ ಹೆಸರಿನ ಜಾಗ ಖಾಲಿ, ತಾರೀಖಿನ ಜಾಗ ಖಾಲಿ, ಬೆಲೆಯ ಮಾತೇ ಇಲ್ಲ. ಎರಡು ಫೋಟೋ, ಆಧಾರ್ ಕಾರ್ಡಿನ ಜೆರಾಕ್ಸು, ಅದರ ಮೇಲೂ ಒಂದು ಸಹಿ. ಕೀಲಿ ಕೈ ಕೊಟ್ಟು, ತೆಂಗಿನಕಾಯಿ ಒಡೆದರೆ ಮುಗೀತು. ಮಾರಿದವನ ಕೈಯಲ್ಲಿ ಒಂದು ಚೀಟಿ ಕೂಡ ಉಳಿಯುವುದಿಲ್ಲ.

ಈ ವ್ಯವಹಾರಕ್ಕೆ ನಮ್ಮವರು ಮಾರಾಟ ಅಂತ ಹೆಸರಿಟ್ಟಿದ್ದಾರೆ. ಕಾಯ್ದೆ ಹಾಗೆ ಅನ್ನುವುದಿಲ್ಲ. ಗೋಕಾಕದ ಕೆಎ-49 ಪುಸ್ತಕದಲ್ಲಿ ನಿಮ್ಮ ಹೆಸರು ಇರುವ ತನಕ, ಆ ಟ್ರ್ಯಾಕ್ಟರ್ ಇನ್ನೊಬ್ಬರ ಮೇಲೆ ಹತ್ತಿದರೆ ಮಾಲೀಕರು ನೀವೇ.

ಇದು ನನ್ನ ಅಭಿಪ್ರಾಯ ಅಲ್ಲ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಒಂದು ತೀರ್ಪು ಕೊಟ್ಟಿತು; ಬರೆದವರು ಡಿ. ವೈ. ಚಂದ್ರಚೂಡ್. ಗಾಡಿ 2007ರಲ್ಲಿ ಮಾರಿದ್ದು. ಆಮೇಲೆ ಒಬ್ಬರಿಂದ ಒಬ್ಬರಿಗೆ ಹೋಗಿದೆ. 2009ರಲ್ಲಿ ಅಪಘಾತ, ಒಂದು ಸಾವು. ಆದರೆ ಆರ್.ಸಿ.ಯಲ್ಲಿ ಮಾತ್ರ ಮೊದಲಿನವನ ಹೆಸರೇ. ಪರಿಹಾರ ಯಾರು ಕೊಡಬೇಕು? ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರು, ಅಂತ ಕೋರ್ಟು ಹೇಳಿತು. ಗಾಡಿ ಯಾರ ಯಾರ ಕೈಗೆ ಹೋಯಿತು ಅಂತ ಪತ್ತೆ ಹಚ್ಚಿಕೊಂಡು ಅಲೆಯುವುದು ಗಾಯಗೊಂಡವರ, ಸತ್ತವರ ಮನೆಯವರ ಕೆಲಸ ಅಲ್ಲ ಅನ್ನುವುದು ಅದರ ಹಿಂದಿನ ವಿಚಾರ. ಸರಿಯಾದ ಮಾತು ಅಂತಲೇ ನನಗೂ ಅನಿಸ್ತದೆ. ಮಗನನ್ನು ಕಳೆದುಕೊಂಡ ತಾಯಿ ನಾಲ್ಕು ಊರಿನ ದಲಾಲಿಗಳ ಮನೆ ಬಾಗಿಲು ಬಡಿಯಬೇಕೇನು?

ನನ್ನ ಸೋದರಮಾವನ ಊರು ಹುಕ್ಕೇರಿ ತಾಲೂಕಿನಲ್ಲಿದೆ. ಆತ ಟ್ರ್ಯಾಕ್ಟರ್ ಮಾರಿ ಆರು ವರ್ಷವಾಗಿತ್ತು. ಮಾರಿದ ದುಡ್ಡಲ್ಲಿ ಮಗಳ ಮದುವೆ ಮಾಡಿ, ಆ ಮಗಳಿಗೆ ಮಗು ಹುಟ್ಟಿ, ಮಗು ಅಂಗನವಾಡಿಗೆ ಹೋಗುವ ಹೊತ್ತಿಗೆ ಅಂಚೆಯವನು ಒಂದು ಲಕೋಟೆ ತಂದ. ಮಾವ ನನಗೆ ಫೋನು ಹಚ್ಚಿ, "ಅಳಿಯಾ, ಕೋರ್ಟಿಂದ ಏನೋ ಬಂದೈತಿ, ಫೋಟೋ ಹೊಡದ ಕಳಿಸೇನಿ, ಓದಿ ಹೇಳಪಾ" ಅಂದ. ಮೋಟಾರು ಅಪಘಾತ ಪರಿಹಾರದ ನೋಟೀಸು. ಟ್ರ್ಯಾಕ್ಟರು ಆ ವೇಳೆಗೆ ಮೂರನೇ ಕೈಗೋ ನಾಲ್ಕನೇ ಕೈಗೋ ಹೋಗಿತ್ತು. ಟ್ರೇಲರಿನಲ್ಲಿ ಜನ ತುಂಬಿಕೊಂಡು ಎಲ್ಲಮ್ಮನ ಗುಡ್ಡಕ್ಕೆ ಹೊರಟಾಗ ಬೈಕಿನವನಿಗೆ ತಗುಲಿತ್ತು. ವಿಮೆ ಮುಗಿದು ಎರಡು ವರ್ಷ. ಒಂದನೇ ಎದುರುದಾರ ಡ್ರೈವರ್, ಎರಡನೇ ಎದುರುದಾರ ನಮ್ಮ ಮಾವ. ದಲಾಲಿಗೆ ಫೋನು ಹಚ್ಚಿದರೆ, "ಕಾಕಾರ, ನಾ ಆವಾಗs ಕೊಟ್ಟೇನಿ, ಅವರ್ಯಾಕ ಹೆಸರ ಮಾಡಿಸಿಲ್ಲೋ ನಂಗೇನ್ ಗೊತ್ತು" ಅಂದ. ಪ್ರತಿ ತಾರೀಖಿಗೂ ಮಾವ ಒಂದು ದಿನದ ಕೆಲಸ ಬಿಟ್ಟು ಕೋರ್ಟಿಗೆ ಹೋಗಿ ಬರ್ತಾನೆ. ಕೇಸು ಇನ್ನೂ ನಡೆದಿದೆ. ರಾತ್ರಿ ನಿದ್ದೆ ಬರೋದಿಲ್ಲ ಅಂತ ಅತ್ತೆ ಹೇಳ್ತಾಳೆ. ಇರೋದು ಮೂರು ಎಕರೆ.

ಈಗ ಹೇಳಿ, ಇಲ್ಲಿ ನಂಬಿಕೆ ಯಾರು ಯಾರ ಮೇಲೆ ಇಟ್ಟಿದ್ದರು? ಮಾವ ದಲಾಲಿಯನ್ನು ನಂಬಿದ್ದ. ದಲಾಲಿ ಯಾರನ್ನೂ ನಂಬಿರಲಿಲ್ಲ. ಅದಕ್ಕೇ ಸಹಿ ಹಾಕಿದ ಕಾಗದ ತನ್ನ ಬೈಕಿನ ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದ.

ಖಾಲಿ ಫಾರ್ಮು ದಲಾಲಿಗೆ ಯಾಕೆ ಅಷ್ಟು ಪ್ರೀತಿ ಅಂದರೆ, ಅದು ಅವನ ಬಂಡವಾಳ. ನಿಮ್ಮ ಸಹಿ ಇರುವ ಖಾಲಿ ಫಾರ್ಮು ಕೈಯಲ್ಲಿದ್ದರೆ ಅವನು ಗಾಡಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳದೆ ಯಾರಿಗೆ ಬೇಕಾದರೂ ಮಾರಬಹುದು. ಕೊಂಡವನು ಕೂಡ ಹೆಸರು ಬದಲಿಸುವುದಿಲ್ಲ, ಯಾಕಂದ್ರೆ ಎರಡು ಹಂಗಾಮು ಓಡಿಸಿ ಅವನೂ ಮಾರುವವನೇ. ಹೀಗೆ ಐದು ಕೈ ದಾಟಿದರೂ ಸರಕಾರದ ಪುಸ್ತಕದಲ್ಲಿ ಗಾಡಿ ನಿಂತಲ್ಲೇ ನಿಂತಿರ್ತದೆ. ನಡುವಿನ ನಾಲ್ವರಿಗೂ ಲಾಭ ಸಿಕ್ಕಿತು, ಜವಾಬ್ದಾರಿ ಮಾತ್ರ ಒಬ್ಬನ ಕೊರಳಿಗೆ.

ಕಾಯ್ದೆ ಇಲ್ಲ ಅಂತಲ್ಲ. ಮೋಟಾರು ವಾಹನ ಕಾಯ್ದೆಯ 50ನೇ ಕಲಮು ಓದಿ ನೋಡಿ. ಅದೇ ರಾಜ್ಯದೊಳಗೆ ಮಾರಿದರೆ ಮಾರಿದವನು 14 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕು, ಕೊಂಡವನು 30 ದಿನದೊಳಗೆ. ಮಾಲೀಕ ತೀರಿಕೊಂಡಿದ್ದರೆ ವಾರಸುದಾರರಿಗೆ ಫಾರ್ಮ್ 31 ಬೇರೆ ಇದೆ, ಮೂರು ತಿಂಗಳ ಅವಧಿ. ನಮ್ಮ ಕಡೆ ಸತ್ತು ಹನ್ನೆರಡು ವರ್ಷವಾದ ಅಜ್ಜಂದಿರ ಹೆಸರಲ್ಲಿ ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳಿವೆ. ಕೊಲ್ಹಾಪುರದ ಎಂಎಚ್-09, ಸಾಂಗ್ಲಿಯ ಎಂಎಚ್-10 ನಂಬರಿನವು ಗಡಿ ದಾಟಿ ಬಂದು, ಫಾರ್ಮ್ 28ರ ಎನ್.ಓ.ಸಿ. ಅನ್ನುವ ವಸ್ತುವಿನ ಮುಖವನ್ನೇ ನೋಡದೆ ನಮ್ಮ ಹೊಲದಲ್ಲಿ ರಾಂಟೆ ಹೊಡೀತಿವೆ. ಇನ್ನು ಟ್ರೇಲರಿನ ಮಾತು ಎತ್ತಿದರೆ ಜನ ನಗ್ತಾರೆ. ಕಾಯ್ದೆಯ ಕಣ್ಣಿಗೆ ಟ್ರೇಲರೂ ಒಂದು ಮೋಟಾರು ವಾಹನವೇ, ಅದಕ್ಕೂ ನೋಂದಣಿ ಬೇಕು ಅಂದರೆ, "ಎಂಜಿನ್ನs ಇಲ್ಲಲೋ ಅದಕ್ಕ" ಅಂತಾರೆ. ಹುಣಶ್ಯಾಳ ಪಿ.ಜಿ. ರಸ್ತೆಯಲ್ಲೋ ಸಂಕೇಶ್ವರದ ರಸ್ತೆಯಲ್ಲೋ ಹಂಗಾಮಿನ ರಾತ್ರಿ ಹೋಗಿ ನೋಡಿ. ಹಿಂದೆ ಕೆಂಪು ದೀಪವಿಲ್ಲದ ಎರಡೆರಡು ಟ್ರೇಲರು ಕಟ್ಟಿಕೊಂಡು ಕಾರಖಾನೆ ಕಡೆ ಹೊರಟ ಸಾಲಿನಲ್ಲಿ, ಆರ್.ಸಿ.ಯಲ್ಲಿ ಹೆಸರಿರುವವನೇ ನಿಜವಾಗಿ ಇಟ್ಟುಕೊಂಡಿರುವ ಗಾಡಿಗಳು ಎಷ್ಟು ಅಂತ ಎಣಿಸಲು ಯಾರಾದರೂ ಕೂತರೆ ನಾನು ಚಹಾ ಕೊಡಿಸ್ತೀನಿ.

ಇದಕ್ಕಿಂತ ಕೆಟ್ಟದ್ದು ಸಾಲದ ಮೇಲಿರುವ ಗಾಡಿಯ ಮಾರಾಟ. "ಉಳಿದ ಕಂತು ನೀ ತುಂಬ್ಕೋ, ಮ್ಯಾಲಿನ ರೊಕ್ಕಾ ನನಗ ಕೊಡು." ಸಾಲ ಮಾರಿದವನ ಹೆಸರಲ್ಲಿ, ಬ್ಯಾಂಕಿಗೆ ಒತ್ತೆ ಇಟ್ಟ ಹೊಲವೂ ಅವನದೇ, ಗಾಡಿ ಮಾತ್ರ ಇನ್ನೊಬ್ಬನ ಅಂಗಳದಲ್ಲಿ. ಕೊಂಡವನು ನಾಲ್ಕು ಕಂತು ತುಂಬ್ತಾನೆ. ಐದನೆಯದಕ್ಕೆ ಕಬ್ಬಿನ ಬಿಲ್ಲು ಬಂದಿಲ್ಲ ಅಂತಾನೆ. ಬ್ಯಾಂಕಿನವರು ಬರೋದು ಯಾರ ಮನೆಗೆ? ಸಾಲ ತೀರಿ, ಬ್ಯಾಂಕು ಫಾರ್ಮ್ 35ಕ್ಕೆ ಸಹಿ ಹಾಕಿ, ಆರ್.ಸಿ.ಯಿಂದ ಬ್ಯಾಂಕಿನ ಹೆಸರು ಹೋಗುವ ತನಕ ಅಂಥ ಗಾಡಿ ಮಾರುವ ಮಾತೇ ಎತ್ತಬಾರದು. ಎತ್ತಲೇಬೇಕಾದರೆ ಮೂವರೂ ಬ್ಯಾಂಕಿನ ಟೇಬಲ್ಲಿನ ಮುಂದೆ ಕೂತು ಎತ್ತಬೇಕು.

ನಾನು ಹೀಗೆಲ್ಲ ಹೇಳಿದರೆ ಊರಲ್ಲಿ ಒಂದು ಸಿದ್ಧ ಉತ್ತರ ಇದೆ. "ನೀ ಬೆಂಗಳೂರಾಗ ಕುಂತು ಕಂಪ್ಯೂಟರ್ ಕುಟ್ಟಾಂವ. ನಮ್ಮ ಹಿರ್ಯಾರು ಟವೆಲ್ಲಿನ ಕೆಳಗ ಬಟ್ಟ ಹಿಡದು ಸಾವಿರಾರು ರೂಪಾಯಿ ವ್ಯಾಪಾರ ಮಾಡ್ಯಾರ. ಕಾಗದ ಎಲ್ಲಿತ್ತು?" ಈ ಉತ್ತರ ಕೇಳಿ ಕೇಳಿ ನನಗೆ ಸಾಕಾಗಿದೆ. ಹಿರಿಯರ ಹೆಸರು ಹೇಳುವವರು ಹಿರಿಯರು ಏನು ಮಾಡ್ತಿದ್ದರು ಅನ್ನುವುದನ್ನು ಅರ್ಧ ಮಾತ್ರ ಹೇಳ್ತಾರೆ.

ನಮ್ಮ ಅಜ್ಜನ ಜೊತೆ ನಾನೂ ದನದ ಸಂತೆಗೆ ಹೋಗಿದ್ದೇನೆ. ಟವೆಲ್ಲಿನ ಕೆಳಗೆ ಬೆರಳು ಹಿಡಿಯೋದು ಕಟ್ಟಕಡೆಯ ಕೆಲಸ. ಅದಕ್ಕಿಂತ ಮುಂಚೆ ಎತ್ತಿನ ಬಾಯಿ ತೆರೆದು ಹಲ್ಲು ಎಣಿಸ್ತಿದ್ದರು. ಸುಳಿ ನೋಡ್ತಿದ್ದರು. ಗೊರಸು ಎತ್ತಿ ನೋಡ್ತಿದ್ದರು. ನಡೆಸಿ, ಕೂರಿಸಿ, ಎಬ್ಬಿಸಿ, ಕೊನೆಗೆ ನೊಗಕ್ಕೆ ಹೂಡಿ ಎಳೆಸಿ ನೋಡ್ತಿದ್ದರು. ಎತ್ತಿನ ಯಜಮಾನ ಪಕ್ಕದಲ್ಲಿ ಬೀಡಿ ಸೇದುತ್ತ ನಿಂತಿರ್ತಿದ್ದ. ಯಾಕೆ ಹಲ್ಲು ನೋಡ್ತೀರಿ, ನನ್ನ ಮೇಲೆ ನಂಬಿಕಿ ಇಲ್ಲೇನು ಅಂತ ಅವನು ಕೇಳಿದ್ದು ನಾನು ಕಂಡಿಲ್ಲ. ಕೇಳಿದ್ದರೆ ಅಜ್ಜ ಆ ಎತ್ತಿನಿಂದ ನಾಲ್ಕು ಹೆಜ್ಜೆ ಹಿಂದೆ ಸರೀತಿದ್ದ. ಮತ್ತೆ, ಮಾರಿದ ಎತ್ತು ಯಾರನ್ನಾದರೂ ಹಾಯ್ದರೆ ಹಳೇ ಯಜಮಾನನ ಮನೆಗೆ ನೋಟೀಸು ಬರ್ತಿರಲಿಲ್ಲ. ಆ ಕಾಲದ ವ್ಯಾಪಾರ ಆ ಕಾಲದ ವಸ್ತುವಿಗೆ ಸರಿಯಾಗಿತ್ತು. ಅಂಥ ಅಜ್ಜನ ಮೊಮ್ಮಕ್ಕಳು ಹೊಸ ಬಣ್ಣ ಬಳಿದ ಟ್ರ್ಯಾಕ್ಟರನ್ನು ಒಂದು ಸಲ ಸ್ಟಾರ್ಟ್ ಮಾಡಿ, ಸೈಲೆನ್ಸರಿನ ಹೊಗೆ ನೋಡಿ, "ಗಾಡಿ ಚಲೋ ಐತಿ" ಅಂತ ನಾಲ್ಕು ಲಕ್ಷ ಎಣಿಸಿ ಕೊಡ್ತಾರೆ.

ನನಗೆ ಈ ಸಿಟ್ಟು ಪೂರ್ತಿ ಬಂದದ್ದು ಊರಲ್ಲಲ್ಲ, ಇಂಗ್ಲೆಂಡಿನಲ್ಲಿ. ಅದೂ ಒಂದು ದೋಣಿಯ ವ್ಯಾಪಾರ ನೋಡಿ.

ದೋಣಿ ಅಂದರೆ ನಮಗೆ ನೆನಪಾಗೋದು 2019ರ ಆಗಸ್ಟ್. ಘಟಪ್ರಭೆ ಗೋಕಾಕ ಪೇಟೆಯೊಳಗೆ ಬಂದು, ಲೋಳಸೂರ ಸೇತುವೆ ಮುಳುಗಿ, ರಕ್ಷಣೆಯವರು ದೋಣಿ ತಂದಾಗ ಹತ್ತಿದವರು ನಾವು. ಸಂತೋಷಕ್ಕೆ ದೋಣಿ ಇಟ್ಟುಕೊಳ್ಳುವ ಮಂದಿ ಇರ್ತಾರೆ ಅನ್ನುವುದೇ ನನಗೆ ವಿಚಿತ್ರ. ಕಂಪನಿಯವರು ಕೆಲವು ತಿಂಗಳು ಸೌತಾಂಪ್ಟನ್ನಿಗೆ ಕಳಿಸಿದ್ದರು. ಅಲ್ಲಿ ನದಿಯ ಉದ್ದಕ್ಕೂ ಹಾಯಿದೋಣಿಗಳು, ನಮ್ಮಲ್ಲಿ ಮದುವೆ ಮನೆ ಮುಂದೆ ಬೈಕು ನಿಲ್ಲಿಸಿದ ಹಾಗೆ. ನನ್ನ ಜೊತೆ ಕೆಲಸ ಮಾಡುವ, ನನಗಿಂತ ಇಪ್ಪತ್ತು ವರ್ಷ ಹಿರಿಯರಾದ ಒಬ್ಬರು ಹಳೇ ಹಾಯಿದೋಣಿಯೊಂದನ್ನು ಕೊಳ್ಳಲು ಹೊರಟಿದ್ದರು. ವೆಸ್ಟರ್ಲಿ ಸೆಂಟಾರ್ ಅಂತ ಅದರ ಹೆಸರು. 26 ಅಡಿ, ಫೈಬರ್ ಗ್ಲಾಸಿನದು, ಒಳಗೆ ನಾಲ್ಕು ಜನ ಮಲಗಬಹುದು, ಒಂದು ಪುಟ್ಟ ಒಲೆ, ಒಂದು ಸಣ್ಣ ಡೀಸೆಲ್ ಎಂಜಿನ್ನು. ಪೋರ್ಟ್ಸ್‌ಮತ್ ಹತ್ತಿರದ ಕಾರಖಾನೆಯೊಂದು 1969ರಿಂದ 1980ರ ತನಕ ಇಂಥವನ್ನು ಎರಡು ಸಾವಿರಕ್ಕೂ ಹೆಚ್ಚು ಮಾಡಿದೆ. ತಳದಲ್ಲಿ ಎರಡು ಕೀಲು, ಅಂದರೆ ಎರಡು ಭಾರದ ರೆಕ್ಕೆ. ಸಮುದ್ರದ ನೀರು ಇಳಿದಾಗ ಕೆಸರಿನ ಮೇಲೆ ಎರಡು ಕಾಲೂರಿ ನೆಟ್ಟಗೆ ನಿಲ್ತದೆ. ನನಗಿಂತ ವಯಸ್ಸಾದ ದೋಣಿ, ಬೆಲೆ ಕೆಲವು ಸಾವಿರ ಪೌಂಡು. ನಮ್ಮ ಹಳೇ ಟ್ರ್ಯಾಕ್ಟರಿನ ಬೆಲೆಗೆ ಹೆಚ್ಚೂಕಮ್ಮಿ ಸಮ.

ಇಲ್ಲಿಂದ ಗಮನ ಕೊಟ್ಟು ಓದಿ. ಅಲ್ಲಿ ಸ್ವಂತಕ್ಕೆ ಇಟ್ಟುಕೊಳ್ಳುವ ಸಣ್ಣ ಹಾಯಿದೋಣಿಗೆ, ತಮ್ಮ ದೇಶದ ಸಮುದ್ರದಲ್ಲೇ ಓಡಾಡುವುದಾದರೆ, ನೋಂದಣಿ ಕಡ್ಡಾಯವೇ ಅಲ್ಲ. ಹೊರದೇಶಕ್ಕೆ ಒಯ್ಯುವುದಾದರೆ ಬೇಕು. ಸಣ್ಣ ದೋಣಿಗಳ ರಿಜಿಸ್ಟರು ಅಂತ ಒಂದಿದೆ, ಆದರೆ ಅದರಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲೀಕತ್ವ ಸಾಬೀತಾಗೋದಿಲ್ಲ. ದೊಡ್ಡ ರಿಜಿಸ್ಟರು ಬೇರೆ. ಅದರಲ್ಲಿ ಹಡಗನ್ನು ಇವತ್ತಿಗೂ 64 ಪಾಲು ಅಂತ ಲೆಕ್ಕ ಹಿಡೀತಾರೆ. ನಮ್ಮ ಒಟ್ಟು ಕುಟುಂಬದ ಉತಾರ ನೆನಪಾಗಿ ನಗು ಬಂತು. ಅಂತೂ ಇಂಥ ಸಣ್ಣ ದೋಣಿಗೆ ಆರ್.ಟಿ.ಓ. ಇಲ್ಲ, ನಂಬರ್ ಪ್ಲೇಟಿಲ್ಲ. ಮೋಸ ಮಾಡಲು ನಮಗಿಂತ ಹತ್ತು ಪಾಲು ಸಲೀಸು.

ಆದರೆ ಮಾರುವ ಮುದುಕ ಒಂದು ದಪ್ಪ ಫೈಲು ತಂದ. ದೋಣಿ ಹುಟ್ಟಿದಾಗಿನಿಂದ ಅದನ್ನು ಯಾರು ಯಾರಿಗೆ ಯಾವಾಗ ಎಷ್ಟಕ್ಕೆ ಮಾರಿದರು ಅನ್ನುವ ಮಾರಾಟಪತ್ರಗಳೆಲ್ಲ ಒಂದರ ಹಿಂದೆ ಒಂದು. ಮೊದಲಿನದು ಟೈಪ್ ರೈಟರಿನದು. ಕಾರಖಾನೆಗೆ ತೆರಿಗೆ ಕಟ್ಟಿದ ರಸೀದಿ. ಹಾಯಿ ಹೊಲಿಸಿದ ಬಿಲ್ಲು. ಎಂಜಿನ್ನು ಬದಲಿಸಿದ ಬಿಲ್ಲು. ಒಬ್ಬ ಮಾಲೀಕನ ಪತ್ರ ಕಳೆದುಹೋಗಿದ್ದರೆ ಆ ದೋಣಿಯ ಬೆಲೆಯೇ ಇಳಿಯುತ್ತದಂತೆ. ಸರಕಾರ ಕಟ್ಟಿ ಹಾಕದ ಕಡೆ ಜನ ತಾವೇ ಸರಪಳಿ ಕಟ್ಟಿಕೊಂಡಿದ್ದಾರೆ. ಸರಕಾರ ಕಟ್ಟಿಕೊಟ್ಟ ಸರಪಳಿಯನ್ನು ನಾವು ಖಾಲಿ ಫಾರ್ಮು ತುರುಕಿ ಕಡಿದು ಹಾಕಿದ್ದೇವೆ.

ಆಮೇಲೆ ಪರೀಕ್ಷೆ. ಬೆಲೆ ಒಪ್ಪಿಗೆಯಾಯಿತು, ಬೆಲೆಯ ಹತ್ತನೇ ಒಂದು ಪಾಲು ಸಂಚಕಾರ ಕೊಟ್ಟರು. ಆದರೆ ಕರಾರಿನಲ್ಲಿ ಬರೆದಿತ್ತು: ಸರ್ವೇಯರ್ ನೋಡಿ ದೊಡ್ಡ ದೋಷ ಹೇಳಿದರೆ ವ್ಯಾಪಾರ ಮುರಿಯಬಹುದು, ಸಂಚಕಾರ ವಾಪಸು. ಸರ್ವೇಯರನ ಫೀ ಕೊಳ್ಳುವವನೇ ಕೊಡಬೇಕು, ದೋಣಿಯನ್ನು ಕ್ರೇನಿನಿಂದ ನೀರಾಚೆ ಎತ್ತುವ ಖರ್ಚೂ ಅವನದೇ. ನೋಡಲು ನಾನೂ ಹೋಗಿದ್ದೆ. ಸರ್ವೇಯರ್ ಒಂದು ಸಣ್ಣ ಸುತ್ತಿಗೆ ಹಿಡಿದು ಮೂತಿಯಿಂದ ಬಾಲದ ತನಕ ಟಕ್ ಟಕ್ ಅಂತ ಬಡಿದು ಕಿವಿಗೊಟ್ಟು ಕೇಳಿದ, ಕುಂಬಾರರ ಹತ್ತಿರ ಗಡಿಗೆ ಕೊಳ್ಳುವಾಗ ನಮ್ಮ ಅವ್ವ ಬಾರಿಸಿ ನೋಡುವ ಹಾಗೇ. ಆಮೇಲೆ ತೇವ ಅಳೆಯುವ ಮೀಟರು ಹಚ್ಚಿದ. ಫೈಬರ್ ನೀರು ಕುಡಿದಿದ್ದರೆ ಒಳಗೆ ಗುಳ್ಳೆ ಏಳ್ತವಂತೆ. ಕೀಲು ದೋಣಿಯ ಒಡಲಿಗೆ ಸೇರುವ ಜಾಗಕ್ಕೆ ಟಾರ್ಚು ಹಿಡಿದು ಅರ್ಧ ತಾಸು ಮಲಗಿದ, ಯಾಕಂದ್ರೆ ಈ ಮಾಡೆಲಿನ ಹೆಸರಾಂತ ರೋಗ ಅಲ್ಲೇ ಇರೋದು. ಕೂವೆಯನ್ನು ಹಿಡಿದಿರುವ ತಂತಿಗಳಿಗೆ ಎಷ್ಟು ವರ್ಷವಾಯಿತು ಅಂತ ಕೇಳಿದ. ಹತ್ತು ವರ್ಷದ ಆಸುಪಾಸು ದಾಟಿದರೆ ವಿಮೆಯವರು ಬದಲಿಸಿ ಅಂತಾರಂತೆ.

ಇಷ್ಟೂ ಹೊತ್ತು ಮಾರುವ ಮುದುಕ ಪಕ್ಕದಲ್ಲೇ ನಿಂತು ಸರ್ವೇಯರನಿಗೆ ಚಹಾ ಮಾಡಿ ಕೊಡ್ತಿದ್ದ. ಕೀಲಿನ ಹತ್ತಿರ ಸಣ್ಣ ಬಿರುಕು ಸಿಕ್ಕಿತು. ವರದಿ ಬಂತು, ಬೆಲೆ ಇಳೀತು, ಇಬ್ಬರೂ ಕೈ ಕುಲುಕಿದರು. ನಾನು ಮುದುಕನನ್ನು ಕೇಳಿದೆ, ಇಷ್ಟೊಂದು ಅನುಮಾನ ಪಟ್ಟರೆ ನಿಮಗೆ ಬೇಜಾರಾಗೋದಿಲ್ವಾ ಅಂತ. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಎರಡನೇ ಸಲ ಬಿಡಿಸಿ ಕೇಳಿದಾಗ, ನಾನು ಕೊಳ್ಳುವಾಗಲೂ ಹಾಗೇ ನೋಡಿದ್ದೆನಲ್ಲ ಅಂದ. ನನಗೆ ಎತ್ತಿನ ಪಕ್ಕ ಬೀಡಿ ಸೇದುತ್ತ ನಿಂತವನು ಕಂಡ.

ಇಂಗ್ಲೆಂಡಿನವರೆಲ್ಲ ಸತ್ಯವಂತರು ಅಂತ ನಾನು ಹೇಳ್ತಿಲ್ಲ. ಅಲ್ಲಿಯೂ ಕಳ್ಳ ದೋಣಿ ಮಾರುವವರಿದ್ದಾರೆ, ಅದಕ್ಕೇ ಅಷ್ಟು ಕಾಗದ. ನಾನು ಹೇಳ್ತಿರೋದು ಬೇರೆ. ಪರೀಕ್ಷೆ ಇಲ್ಲದ, ಕಾಗದ ಇಲ್ಲದ ಸಂತೆಯಲ್ಲಿ ಮೊದಲು ಸೋಲುವವನು ಪ್ರಾಮಾಣಿಕ. ಇದನ್ನು ಜಾರ್ಜ್ ಅಕೆರ್ಲಾಫ್ ಅನ್ನುವ ಅಮೆರಿಕದ ಅರ್ಥಶಾಸ್ತ್ರಜ್ಞ 1970ರಲ್ಲಿ ಹಳೇ ಕಾರುಗಳ ಪೇಟೆಯ ಉದಾಹರಣೆ ಕೊಟ್ಟು ಬರೆದ. ಮೊದಲು ಮೂರು ಪತ್ರಿಕೆಗಳು ಆ ಲೇಖನವನ್ನು ವಾಪಸು ಕಳಿಸಿದ್ದವು. 2001ರಲ್ಲಿ ನೊಬೆಲ್ ಬಂತು. ಕೆಟ್ಟ ಕಾರಿಗೆ ಅಮೆರಿಕದವರು ನಿಂಬೆಹಣ್ಣು ಅಂತಾರೆ. ನಾವು ಹೊಸ ಗಾಡಿಯ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಹಾಯಿಸ್ತೀವಿ, ಅವರು ಗಾಡಿಗೇ ಆ ಹೆಸರಿಟ್ಟಿದ್ದಾರೆ. ಅವನ ಮಾತು ಇಷ್ಟು: ಯಾವುದು ಒಳ್ಳೇ ಗಾಡಿ, ಯಾವುದು ನಿಂಬೆಹಣ್ಣು ಅಂತ ಕೊಳ್ಳುವವನಿಗೆ ತಿಳಿಯದಿದ್ದರೆ ಅವನು ಎಲ್ಲದಕ್ಕೂ ನಡುವಿನ ಬೆಲೆ ಕೇಳ್ತಾನೆ. ಒಳ್ಳೇ ಗಾಡಿಯವನು ಆ ಬೆಲೆಗೆ ಮಾರಲಾರ, ಮನೆಗೆ ಹೋಗ್ತಾನೆ. ಸಂತೆಯಲ್ಲಿ ಉಳಿಯೋದು ನಿಂಬೆಹಣ್ಣು ಮಾತ್ರ.

ಇದನ್ನು ತಿಳಿಯಲು ನೊಬೆಲ್ ಬೇಕಿಲ್ಲ. ನಮ್ಮೂರಲ್ಲಿ ಒಬ್ಬರು ಲೆಕ್ಕ ಬರೆದಿಟ್ಟು ವೇಳೆಗೆ ಸರಿಯಾಗಿ ಆಯಿಲು ಬದಲಿಸಿದವರು, ಡ್ರೈವರನ ಕೈಗೆ ಗಾಡಿ ಕೊಡದವರು, ಮಳೆಗೆ ತಾಡಪಾಲು ಹೊದಿಸಿದವರು. ಇನ್ನೊಬ್ಬ ಮರಳು ಹೊಡೆದು ಎಂಜಿನ್ನಿನ ಜೀವ ತೆಗೆದು, ಮಾರುವ ಮುಂಚೆ ಎಂಟು ಸಾವಿರದ ಬಣ್ಣ ಬಳಿಸಿ, ಅವರ್ ಮೀಟರಿನ ಕೇಬಲ್ಲು ಕಳಚಿ ಹೊಸ ಮೀಟರು ಕೂರಿಸಿದವನು. ಇಬ್ಬರಿಗೂ ದಲಾಲಿ ಒಂದೇ ರೇಟು ಹೇಳಿದ. ಬಣ್ಣದವನಿಗೆ ಹತ್ತು ಸಾವಿರ ಜಾಸ್ತಿಯೇ ಸಿಕ್ಕಿತು ಅಂತ ಕೇಳಿದೆ. ಹೀಗಿರುವಾಗ ಗಾಡಿಯನ್ನು ಜೋಪಾನ ಮಾಡು ಅಂತ ಹುಡುಗರಿಗೆ ಯಾವ ಬಾಯಿಂದ ಹೇಳೋದು?

ಪರೀಕ್ಷೆ ಮಾಡುವವರು ನಮ್ಮಲ್ಲಿ ಇಲ್ಲ ಅನ್ನಬೇಡಿ. ಗೋಕಾಕದಲ್ಲಿ, ಮೂಡಲಗಿಯಲ್ಲಿ ಸದ್ದು ಕೇಳಿಯೇ ಗೇರ್ ಬಾಕ್ಸಿನ ಜಾತಕ ಹೇಳುವ ಮೆಕ್ಯಾನಿಕ್ಕುಗಳಿದ್ದಾರೆ. ತೊಂದರೆ ಏನೆಂದರೆ ಅವರನ್ನು ಕರೆದುಕೊಂಡು ಬರೋದು ದಲಾಲಿ, ಅವರಿಗೆ ದುಡ್ಡು ಕೊಡೋದೂ ದಲಾಲಿ. ಒಂದೂವರೆ ಸಾವಿರವೋ ಎರಡು ಸಾವಿರವೋ, ನಿಮ್ಮ ಕಿಸೆಯಿಂದ ಕೊಟ್ಟು ಬೇರೆ ಪೇಟೆಯ ಮೆಕ್ಯಾನಿಕ್ಕನ್ನು ಕರೆತನ್ನಿ. ಎಂಜಿನ್ನು ತಣ್ಣಗಿರುವಾಗ ಹೋಗಿ; ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಅಲ್ಲೇ ಅರ್ಧ ಉತ್ತರ ಸಿಕ್ಕಿತು. ಓಡುತ್ತಿರುವ ಎಂಜಿನ್ನಿನ ಆಯಿಲ್ ಮುಚ್ಚಳ ತೆಗೆಸಿ, ಬುಸ್ ಬುಸ್ ಅಂತ ಹೊಗೆ ತಳ್ಳಿದರೆ ಒಳಗೆ ಪಿಸ್ಟನ್ನು ರಿಂಗು ಸವೆದಿವೆ. ಹಿಂದೆ ರೋಟಾವೇಟರ್ ಕಟ್ಟಿ ಹೈಡ್ರಾಲಿಕ್ಕಿನಲ್ಲಿ ಮೇಲೆತ್ತಿ ಎಂಜಿನ್ನು ಬಂದ್ ಮಾಡಿ, ಚಹಾ ಕುಡಿದು ಬರುವಷ್ಟರಲ್ಲಿ ಅದು ಎಷ್ಟು ಇಳಿದಿದೆ ನೋಡಿ. ಮುಂದಿನ ಗಾಲಿ ಜ್ಯಾಕ್ ಮೇಲೆ ಎತ್ತಿ ಅಲುಗಾಡಿಸಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇದ್ದರೆ ಓದಿ, ಮೊದಲೆರಡು ವಾರ, ಕೊನೆಯೆರಡು ವರ್ಷ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲು ಉಜ್ಜಿ, ಬಂದ ಅಂಕಿಯನ್ನು ಆರ್.ಸಿ.ಯ ಜೊತೆ ಒಂದೊಂದಾಗಿ ಹೊಂದಿಸಿ. ಎಂಪರಿವಾಹನ್ ಆ್ಯಪಿನಲ್ಲಿ ನಂಬರು ಹಾಕಿದರೆ ವಿಮೆ ಎಂದಿನ ತನಕ ಇದೆ ಅನ್ನುವುದು ಅಲ್ಲೇ ನಿಂತು ತಿಳೀತದೆ. ಎರಡು ನಿಮಿಷದ ಕೆಲಸ. ಕ್ರಿಕೆಟ್ ಸ್ಕೋರು ನೋಡಲು ಇದಕ್ಕಿಂತ ಹೆಚ್ಚು ಹೊತ್ತು ಹಿಡೀತದೆ.

ಸರಕಾರವನ್ನು ಬಿಟ್ಟುಬಿಡ್ತೀನಿ ಅಂದುಕೊಳ್ಳಬೇಡಿ. ಹಳೇ ಗಾಡಿ ಮಾರುವ ಡೀಲರುಗಳಿಗೆ ಕೇಂದ್ರ ಸರಕಾರ ಹೊಸ ನಿಯಮ ತಂದು, 2023ರ ಏಪ್ರಿಲ್ 1ರಿಂದ ಜಾರಿ ಮಾಡಿದೆ. ಡೀಲರು ಅಧಿಕಾರ ಪತ್ರ ಪಡೆಯಬೇಕು. ಮಾಲೀಕ ಗಾಡಿಯನ್ನು ಅವನ ವಶಕ್ಕೆ ಕೊಟ್ಟ ವಿಷಯ ಫಾರ್ಮ್ 29ಸಿಯಲ್ಲಿ ತಿಳಿಸಿದರೆ, ಅಲ್ಲಿಂದ ಮುಂದೆ ಆ ಗಾಡಿಯ ಹೊಣೆ ಡೀಲರಿನದು. ಚೆಂದದ ನಿಯಮ. ನನ್ನ ಮಾವನಂಥವರನ್ನು ಉಳಿಸಲಿಕ್ಕೇ ಮಾಡಿದ ಹಾಗಿದೆ. ಆದರೆ ಬೋರ್ಡೇ ಇಲ್ಲದ ಬೈಕಿನ ದಲಾಲಿ ಯಾವ ಅಧಿಕಾರ ಪತ್ರ ತಗೊಳ್ತಾನೆ? ಅವನಲ್ಲಿ ಹೋಗಿ ಫಾರ್ಮ್ 29ಸಿ ಅಂದರೆ ಬಸ್ ನಂಬರು ಅಂದುಕೊಂಡಾನು. ಒಂದು ಹೆಸರು ಬದಲಾವಣೆಗೆ ರೈತ ಮೂರು ಸಲ ಪೇಟೆಗೆ ಹೋಗಬೇಕು, ಪ್ರತಿ ಸಲ ಒಂದು ಜೆರಾಕ್ಸು ಕಮ್ಮಿ ಬೀಳಬೇಕು, ಕೊನೆಗೆ ಕಚೇರಿಯ ಹೊರಗೆ ಕೂತ ಏಜೆಂಟನ ಹತ್ತಿರವೇ ಹೋಗಬೇಕು ಅಂತಾದರೆ, ಅವನು ಖಾಲಿ ಫಾರ್ಮಿಗೆ ಸಹಿ ಮಾಡಿ ಕೈ ತೊಳಕೊಳ್ಳೋದರಲ್ಲಿ ಆಶ್ಚರ್ಯ ಏನಿದೆ? ಕಬ್ಬಿನ ಹಂಗಾಮಿಗೆ ಮುಂಚೆ ಹೋಬಳಿಗೊಂದು ದಿನ ಅಧಿಕಾರಿಗಳು ಬಂದು, ಅಲ್ಲೇ ಮಾರಿದವನನ್ನೂ ಕೊಂಡವನನ್ನೂ ನಿಲ್ಲಿಸಿ ಹೆಸರು ಬದಲಿಸಿ ಕೊಡಲಿ. ಕಾರಖಾನೆಯವರು ಕಬ್ಬು ಸಾಗಿಸುವ ಕರಾರು ಮಾಡುವಾಗ ಆರ್.ಸಿ.ಯಲ್ಲಿ ಹೆಸರಿದ್ದವನ ಜೊತೆ ಮಾತ್ರ ಮಾಡಲಿ. ಅದೊಂದು ಷರತ್ತು ಬಿದ್ದರೆ ಒಂದೇ ಹಂಗಾಮಿನಲ್ಲಿ ಬೈಕಿನ ಡಿಕ್ಕಿಗಳು ಖಾಲಿಯಾಗ್ತವೆ.

ನನ್ನಂಥ ಎಂಜಿನಿಯರುಗಳಿಗೂ ಒಂದು ಮಾತು. ಬೆಂಗಳೂರಲ್ಲಿ ಹಳೇ ಕಾರು ಕೊಳ್ಳುವಾಗ ಇನ್ನೂರು ಅಂಶಗಳ ತಪಾಸಣೆ ಪಟ್ಟಿ ಕೇಳ್ತೀರಿ, ಬಂಪರಿನ ಗೀರಿಗೂ ಐದು ಸಾವಿರ ಕಡಿಮೆ ಮಾಡಿಸ್ತೀರಿ. ಊರಲ್ಲಿ ಅಪ್ಪ ಟ್ರ್ಯಾಕ್ಟರ್ ಮಾರ್ತೀನಿ ಅಂತ ಫೋನು ಮಾಡಿದರೆ, "ನಿಮಗ ಹೆಂಗ ಅನಸ್ತೈತಿ ಹಂಗ ಮಾಡ್ರಿ" ಅಂತ ಮೀಟಿಂಗಿಗೆ ಓಡ್ತೀರಿ. ಆ ಹೊತ್ತಿಗೆ ಅಪ್ಪನಿಗೆ ಬೇಕಾದದ್ದು ನಿಮ್ಮ ಹತ್ತು ನಿಮಿಷ. ಆ ನಾಲ್ಕು ಫಾರ್ಮು ಭರ್ತಿ ಮಾಡಿ ಪ್ರಿಂಟು ತೆಗೆದು ಕಳಿಸಿ. ಇಂಥ ದಿನ, ಇಷ್ಟು ಗಂಟೆಗೆ, ಇಂಥವರಿಗೆ, ಇಷ್ಟು ದುಡ್ಡಿಗೆ ಗಾಡಿ ಕೊಟ್ಟಿದ್ದೇನೆ ಅಂತ ಎರಡು ಪ್ರತಿ ಕರಾರು, ಇಬ್ಬರು ಸಾಕ್ಷಿಗಳ ಸಹಿ ಸಮೇತ.

ಹೋದ ವರ್ಷ ನಮ್ಮ ಮನೆಯ ಟ್ರ್ಯಾಕ್ಟರು ಮಾರಿದೆವು. ಹೆಸರು ಬದಲಾಗಿ ಹೊಸ ಆರ್.ಸಿ. ಬರುವ ತನಕ ಕೀಲಿ ಕೊಡೋದಿಲ್ಲ, ಮೆಕ್ಯಾನಿಕ್ಕನ್ನು ನೀವೇ ಕರೆತನ್ನಿ, ಬೇಕಾದರೆ ಎರಡು ದಿನ ನಮ್ಮ ಹೊಲದಲ್ಲೇ ಹೊಡೆದು ನೋಡಿ ಅಂತ ಮೊದಲೇ ಹೇಳಿದ್ದೆ. ಮೊದಲನೇ ಗಿರಾಕಿ ನಂಬಿಕೆಯ ಮಾತು ಎತ್ತಿ ಎದ್ದು ಹೋದ. ಎರಡನೆಯವನೂ ಹೋದ. ಅಪ್ಪ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದ. ಮೂರನೆಯವನು ಮೂಡಲಗಿ ಕಡೆಯ ಹುಡುಗ, ಮೆಕ್ಯಾನಿಕ್ಕನ್ನು ಕರೆತಂದ, ಕ್ಲಚ್ ಪ್ಲೇಟು ಮುಗಿದಿದೆ ಅಂತ ಇಪ್ಪತ್ತು ಸಾವಿರ ಕಡಿಮೆ ಮಾಡಿಸಿದ. ಮುಗಿದಿತ್ತು, ಹೌದು. ಹೆಸರು ಬದಲಾಗಲು ಇಪ್ಪತ್ತಾರು ದಿನ ಹಿಡೀತು. ಅಷ್ಟೂ ದಿನ ಗಾಡಿ ನಮ್ಮ ಅಂಗಳದಲ್ಲೇ ನಿಂತಿತ್ತು. ದಲಾಲಿ ಈಗ ದಾರಿಯಲ್ಲಿ ಸಿಕ್ಕರೂ ಅಪ್ಪನ ಜೊತೆ ಮಾತಾಡೋದಿಲ್ಲ.